ಕಪ್ಪಂಚಿನ ಕಾಗದ

ಕಳೆದ ಶನಿವಾರ ಮಗಳನ್ನು ಕರೆದುಕೊಂಡು ಆ ಊರಿಗೆ ಹೋಗಿದ್ದೆ. ಡಲ್ಲಾಸಿನಿಂದ ಪೂರ್ವಕ್ಕೆ ಮುಕ್ಕಾಲು ಗಂಟೆ ಡ್ರೈವ್ ಮಾಡಿದರೆ ಸಿಗುವ ಸಣ್ಣ ಊರು. ಒಂದು ರೈಲುಹಳಿ, ಎರಡು ಚರ್ಚು, ಮುಚ್ಚಿದ ಹತ್ತಿ ಗಿರಣಿ, ಊರಾಚೆ ಒಂದು ಹಳೆಯ ವಿಮಾನ ಮೈದಾನ. ಸ್ಮಶಾನದಲ್ಲಿ ಆಗಷ್ಟೇ ಹುಲ್ಲು ಕತ್ತರಿಸಿದ್ದರು. ಕಾರಿನ ಬಾಗಿಲು ತೆಗೆದದ್ದೇ ತಡ, ಹಸಿ ಹುಲ್ಲಿನ ವಾಸನೆ, ಯಂತ್ರದ ಪೆಟ್ರೋಲಿನ ವಾಸನೆ ಎರಡೂ ಒಟ್ಟಿಗೆ ಮೂಗಿಗೆ ಹೊಡೆದವು. ಏಳು ವರ್ಷದ ಹಿಂದಿನ ವಸಂತವನ್ನು ನಾನು ಹೆಚ್ಚುಕಡಿಮೆ ಈ ವಾಸನೆಯಲ್ಲೇ ಕಳೆದಿದ್ದೆ. ಸಾಲಾಗಿ ನಿಂತ ಬಿಳಿ ಕಲ್ಲುಗಳನ್ನು ನೋಡಿ ಮಗಳು, "ಅಮ್ಮಾ, ಹೂ ಆರ್ ದೇ?" ಎಂದು ಕೇಳಿದಳು. ಇಂಗ್ಲೆಂಡಿನ ಹುಡುಗರು, ವಿಮಾನ ಹಾರಿಸಲು ಕಲಿಯುವುದಕ್ಕೆ ಬಂದಿದ್ದರು ಎಂದೆ. ಅವಳಿಗೆ ಅಷ್ಟು ಸಾಕಾಯಿತು, ಅಳಿಲಿನ ಹಿಂದೆ ಓಡಿದಳು. ನನಗೆ ಅಲ್ಲೇ ಕೂರಬೇಕಾಯಿತು.

ನಾನು ಧಾರವಾಡದ ಕಾಲೇಜಿನಲ್ಲಿ ಒಂಬತ್ತು ವರ್ಷ ಇತಿಹಾಸ ಹೇಳಿದವಳು. ಕಿತ್ತೂರು, ನರಗುಂದ, ಬ್ರಿಟಿಷರಿಗೆ ಎದುರು ನಿಂತ ಸಂಸ್ಥಾನಗಳು ಎಂದರೆ ನನ್ನ ದನಿ ತಾನಾಗಿ ಏರುತ್ತಿತ್ತು, ಹಿಂದಿನ ಬೆಂಚಿನವರೂ ಎದ್ದು ಕೂರುತ್ತಿದ್ದರು. ಮದುವೆಯಾಗಿ ಶ್ರೀಧರನ ಜೊತೆ ಟೆಕ್ಸಾಸಿಗೆ ಬಂದಾಗ ಸಿಕ್ಕಿದ್ದು ಕೆಲಸ ಮಾಡುವ ಹಾಗಿಲ್ಲದ ವೀಸಾ. ಡಲ್ಲಾಸಿನ ಹೊರವಲಯದ ಅಲೆನ್‌ನಲ್ಲಿ ಹೊಸ ಮನೆ, ಹೊಸ ಫ್ರಿಜ್ಜು, ಹೊಸ ಬೇಲಿ. ಬೆಳಿಗ್ಗೆ ಎಂಟಕ್ಕೆ ಓಣಿಯ ಕಾರುಗಳೆಲ್ಲ ಪ್ಲೇನೊದ ಆಫೀಸುಗಳ ಕಡೆ ಹೋದವೆಂದರೆ ಸಂಜೆಯವರೆಗೆ ಮಾತಾಡಲು ನರಪಿಳ್ಳೆ ಇರುತ್ತಿರಲಿಲ್ಲ. ಆ ಹೊತ್ತಿಗೆ ಶ್ರೀಧರನಿಗೆ ಹ್ಯೂಸ್ಟನ್ನಿನಲ್ಲಿ, ತೈಲ ಕಂಪನಿಗಳಿರುವ ಎನರ್ಜಿ ಕಾರಿಡಾರಿನಲ್ಲಿ ಪ್ರಾಜೆಕ್ಟು ಬಿತ್ತು. ಸೋಮವಾರ ನಸುಕಿನಲ್ಲಿ ಹೋದರೆ ಶುಕ್ರವಾರ ಸಂಜೆ ಬರುತ್ತಿದ್ದ. ತಲೆ ಕೆಡುವುದೊಂದು ಬಾಕಿ ಇತ್ತು. ಆಗ ಆ ಸಣ್ಣ ಊರಿನ ಮ್ಯೂಸಿಯಮ್ಮಿಗೆ ಹಳೆಯ ಕಾಗದಪತ್ರ ಹೊಂದಿಸಿಡಲು ಸಂಬಳವಿಲ್ಲದ ಜನ ಬೇಕೆಂದು ಗೊತ್ತಾಗಿ, ವಾರಕ್ಕೆರಡು ದಿನ ಹೋಗತೊಡಗಿದೆ. ಬ್ರಿಟಿಷರನ್ನು ಬೈದು ಹೊಟ್ಟೆ ಹೊರೆದವಳು ಈಗ ಅವರ ಹುಡುಗರ ಫೋಟೊ ಒರೆಸುತ್ತಿದ್ದೀಯಲ್ಲ ಎಂದು ಶ್ರೀಧರ ಕಾಡುತ್ತಿದ್ದ.

ಎರಡನೆಯ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಆಕಾಶದಲ್ಲಿ ಕಲಿಯುವಷ್ಟು ನೆಮ್ಮದಿ ಇರಲಿಲ್ಲ. ಟೆಕ್ಸಾಸಿನಲ್ಲಿ ಆಕಾಶಕ್ಕೇನು ಬರ? ಹದಿನೆಂಟು, ಹತ್ತೊಂಬತ್ತರ ಹುಡುಗರು ಹಡಗು ಹತ್ತಿ, ರೈಲು ಹತ್ತಿ ಇಲ್ಲಿಗೆ ಬಂದರು. ಒಂದು ಕಾಲಕ್ಕೆ ಬ್ರಿಟನ್ನಿನ ಕೈಯಿಂದ ಬಿಡಿಸಿಕೊಳ್ಳಲು ಬಡಿದಾಡಿದ ದೇಶ ಈ ಅಮೆರಿಕ. ಟೆಕ್ಸಾಸ್ ಸ್ವಂತ ದೇಶವಾಗಿ ಮೆರೆದ ಕೆಲವೇ ವರ್ಷಗಳಲ್ಲಿ ಲಂಡನ್ನಿನಲ್ಲಿ ಅದಕ್ಕೊಂದು ಕಚೇರಿಯೂ ಇತ್ತು. ಬಡಿದಾಟ, ಬೀಗತನ ಎರಡೂ ಈ ಎರಡು ದೇಶಗಳ ನಡುವೆ ನಡೆದುಕೊಂಡೇ ಬಂದಿವೆ. ಪಾಠವಾಗಿ ಇದನ್ನೆಲ್ಲ ನಾನು ಹತ್ತು ನಿಮಿಷದಲ್ಲಿ ಮುಗಿಸಿಬಿಡುತ್ತಿದ್ದೆ. ಆದರೆ ಆ ಊರಿನಲ್ಲಿ ಆಗಿದ್ದು ಮನೆಮಟ್ಟದ ಸಂಗತಿ. ಭಾನುವಾರ ಚರ್ಚು ಬಿಟ್ಟ ಮೇಲೆ ಒಂದೊಂದು ಮನೆಯವರು ಒಬ್ಬಿಬ್ಬರು ಹುಡುಗರನ್ನು ಊಟಕ್ಕೆ ಕರೆದೊಯ್ಯುತ್ತಿದ್ದರು. ಕೋಳಿ ಹುರಿದು ಹಾಕುತ್ತಿದ್ದರು, ಅಂಗಿಯ ಗುಂಡಿ ಹಚ್ಚಿ ಕೊಡುತ್ತಿದ್ದರು. ಕೆಲವರು ಹಾರಾಟ ಕಲಿಯುವಾಗಲೇ ಬಿದ್ದು ಸತ್ತರು. ಅವರನ್ನು ಇಲ್ಲಿಯೇ ಹೂಳಿದರು. ಈಗಲೂ ವರ್ಷಕ್ಕೊಮ್ಮೆ ಎರಡೂ ದೇಶದ ಧ್ವಜ ಒಟ್ಟಿಗೆ ನೆಟ್ಟು ಹೂವಿಡುತ್ತಾರೆ.

ಅಂಥದೊಂದು ಮನೆಯ ಮಗಳು ಮಾರ್ಜರಿ. ನನಗೆ ಪರಿಚಯವಾದಾಗ ಎಂಬತ್ತು ದಾಟಿತ್ತು, ಕಣ್ಣಿನ ದೃಷ್ಟಿ ಮುಕ್ಕಾಲು ಹೋಗಿತ್ತು. ಊರಿನವರೆಲ್ಲ ಮಿಸ್ ಮಾರ್ಜರಿ ಎನ್ನುತ್ತಿದ್ದರು, ನಮ್ಮ ಕಡೆ ಅಕ್ಕೋರು ಅನ್ನುವ ಹಾಗೆ. ಅವರ ಮನೆಗೆ ಊಟಕ್ಕೆ ಬರುತ್ತಿದ್ದವನು ಆರ್ಥರ್ ಎಂಬ ಹುಡುಗ. ಐದಾರು ವರ್ಷದ ಮಾರ್ಜರಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಅಂಗಳದ ತುಂಬ ವಿಮಾನ ಆಡಿಸುತ್ತಿದ್ದನಂತೆ. ಮಂಜು ಕವಿದ ಒಂದು ಬೆಳಿಗ್ಗೆ ಅವನ ವಿಮಾನ ಗುಡ್ಡಕ್ಕೆ ಬಡಿಯಿತು. ಮಾರ್ಜರಿಯ ತಾಯಿ ಅವನ ತಾಯಿಗೆ ಕಾಗದ ಬರೆದರು. ಆ ತಾಯಿ ಉತ್ತರ ಬರೆದಳು. ಮುಖ ನೋಡದ ಆ ಇಬ್ಬರು ಹೆಂಗಸರು ಸಾಯುವ ತನಕ ಬರೆದುಕೊಂಡರು. ಇಂಗ್ಲೆಂಡಿನಿಂದ ಬಂದ ಕಾಗದಗಳೆಲ್ಲ ಒಂದು ಬಿಸ್ಕೀಟಿನ ತಗಡಿನ ಡಬ್ಬಿಯಲ್ಲಿದ್ದವು.

ಅವನ್ನು ಒಂದೊಂದಾಗಿ ಓದಿ ಹೇಳುವುದು ನನ್ನ ಕೆಲಸವಾಯಿತು. ಇಲ್ಲಿಂದ ಸಕ್ಕರೆ, ಡಬ್ಬಿಯಲ್ಲಿಟ್ಟ ಪೀಚ್ ಹಣ್ಣು ಅಲ್ಲಿಗೆ ಹೋಗುತ್ತಿತ್ತು. ಅಲ್ಲಿಂದ ಪ್ರತಿ ವರ್ಷ ಮಗನ ಗೋರಿಯ ಮೇಲೆ ಬಿತ್ತಲೆಂದು ಇಂಗ್ಲೆಂಡಿನ ಹೂವಿನ ಬೀಜ ಬರುತ್ತಿತ್ತು. ಟೆಕ್ಸಾಸಿನ ಬಿಸಿಲಿಗೆ ಆ ಹೂವು ಎಲ್ಲಿ ಬದುಕಬೇಕು? ಮಾರ್ಜರಿಯ ತಾಯಿ ಇಲ್ಲಿನದೇ ಗಿಡ ನೆಟ್ಟು, ಕಪ್ಪು ಬಿಳುಪಿನ ಫೋಟೊ ತೆಗೆಸಿ, ನಿಮ್ಮ ಹೂವು ಚೆನ್ನಾಗಿ ಬಂದಿವೆ ಎಂದು ಬರೆಯುತ್ತಿದ್ದರಂತೆ. ಅದನ್ನು ಹೇಳುವಾಗ ಮಾರ್ಜರಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆ ತಾಯಿಗೂ ಅದು ಮೊದಲಿನಿಂದ ಗೊತ್ತಿತ್ತು ಎಂದು ಮುಂದೆ ಆರ್ಥರನ ತಂಗಿ ಫೋನಿನಲ್ಲಿ ಹೇಳಿದ ಮೇಲೆ ನಗು ನಿಂತಿತು.

ತಂಗಿಯ ಹೆಸರು ಐವಿ. ಕಾಗದಗಳ ಮೇಲಿನ ವಿಳಾಸದ ಜಾಡು ಹಿಡಿದು ನಾನೇ ಅವರನ್ನು ಹುಡುಕಿದ್ದೆ. ಅಣ್ಣ ಸತ್ತಾಗ ಒಂಬತ್ತು ವರ್ಷದವಳು. ಆ ಹೊತ್ತಿಗೆ ಇಂಗ್ಲೆಂಡಿನ ಒಂದು ಸಣ್ಣ ಊರಿನಲ್ಲಿ ಮೊಮ್ಮಗಳ ಮನೆಯಲ್ಲಿ ಹಾಸಿಗೆ ಹಿಡಿದಿದ್ದರು. ಡಾಕ್ಟರು ಹೆಚ್ಚು ದಿನ ಹೇಳಿರಲಿಲ್ಲ. ಮಾರ್ಜರಿಯ ಅಡುಗೆಮನೆಯ ಮೇಜಿನ ಮೇಲೆ ನನ್ನ ಫೋನಿಟ್ಟು ಮೂವರೂ ಮಾತಾಡಿದೆವು. ಐವಿಗೆ ಬೇಕಾಗಿದ್ದು ಒಂದೇ ಒಂದು. ಅಣ್ಣ ಸತ್ತ ಸುದ್ದಿಗೆ ಅಮ್ಮ ಟೆಕ್ಸಾಸಿಗೆ ಬರೆದ ಮೊದಲ ಉತ್ತರವನ್ನು ಅವರು ನೋಡಬೇಕಿತ್ತು. ಏಕೆ ಎಂದು ನಾನು ಕೇಳಿದೆ. ಇತಿಹಾಸದವಳ ಚಟ. ಐವಿ ಒಂದೊಂದೇ ಮಾತು ಹುಡುಕಿ ಹೇಳಿದರು:

"ತಂತಿ ಬಂದ ದಿನದಿಂದ ಅಮ್ಮ ನನ್ನ ಮುಖ ನೋಡಲಿಲ್ಲ. ಊಟ ಬಡಿಸುತ್ತಿದ್ದಳು, ತಲೆ ಬಾಚುತ್ತಿದ್ದಳು, ಮುಖ ಮಾತ್ರ ನೋಡುತ್ತಿರಲಿಲ್ಲ. ಅವನ ಬದಲು ನಾನು ಹೋಗಿದ್ದರೆ ಚೆನ್ನಾಗಿತ್ತು ಅಂದುಕೊಂಡಿದ್ದಳೋ ಏನೋ. ಮನೆಯಲ್ಲಿ ಅವಳು ಅವನ ಹೆಸರೆತ್ತಲಿಲ್ಲ. ಮಾತಾಡಿದ್ದರೆ ನಿಮ್ಮ ಅಮ್ಮನ ಜೊತೆ ಮಾತಾಡಿರಬೇಕು."

ಎಂಬತ್ತೈದರ ಹೆಂಗಸು ಒಂಬತ್ತು ವರ್ಷದವಳ ಸಂಕಟವನ್ನು ಅಷ್ಟು ವರ್ಷ ಹೊತ್ತುಕೊಂಡು ಬಂದಿದ್ದಳು. ಫೋನು ಇಟ್ಟ ಮೇಲೆ ಮಾರ್ಜರಿ ಡಬ್ಬಿಯನ್ನು ನನ್ನ ಕಡೆ ತಳ್ಳಿದರು. ಮೊದಲ ಕಾಗದ ತಳದಲ್ಲಿತ್ತು. ಸುತ್ತಲೂ ಬೆರಳಗಲದ ಕಪ್ಪಂಚು. ಆ ಕಾಲದ ಇಂಗ್ಲೆಂಡಿನಲ್ಲಿ ಸಾವಿನ ಮನೆಯವರು ಇಂಥ ಹಾಳೆಯಲ್ಲೇ ಬರೆಯುತ್ತಿದ್ದರು. ಮೊದಲ ಪುಟ ನಾನು ಓದತೊಡಗಿದರೆ ಮಾರ್ಜರಿ ನನಗಿಂತ ಮುಂದೆ ಹೇಳುತ್ತಿದ್ದರು, ಬಾಯಿಪಾಠವಾಗಿತ್ತು. ಮಗನಿಗೆ ಊಟ ಹಾಕಿದ್ದಕ್ಕೆ, ಗೋರಿಗೆ ಹೂವಿಟ್ಟಿದ್ದಕ್ಕೆ ಉಪಕಾರ ಸ್ಮರಣೆ, ಅಷ್ಟೇ. ಹಾಳೆಯ ಹಿಂದಿನ ಪುಟವನ್ನು ಮಾರ್ಜರಿಯ ತಾಯಿ ಎಂದೂ ಗಟ್ಟಿಯಾಗಿ ಓದಿರಲಿಲ್ಲವಂತೆ. ಅಕ್ಷರ ಮಸುಕಾಗಿತ್ತು, ನನಗೂ ಆ ಮಬ್ಬು ಅಡುಗೆಮನೆಯಲ್ಲಿ ಕಾಣಲಿಲ್ಲ. ಮನೆಗೆ ಒಯ್ದು ಎಲ್ಲವನ್ನೂ ಸ್ಕ್ಯಾನ್ ಮಾಡಿ ತರುತ್ತೇನೆ ಎಂದೆ. ಡಬ್ಬಿ ಆ ಮನೆಯಿಂದ ಹೊರಗೆ ಹೋದದ್ದು ಅದೇ ಮೊದಲು.

ಆ ಹೊತ್ತಿಗೆ ನಾನು ಐದು ತಿಂಗಳ ಬಸುರಿ. ಹಿಂದಿನ ವರ್ಷದ್ದು ಮೂರನೆಯ ತಿಂಗಳಿಗೇ ಹೋಗಿತ್ತು. ತಾಯಿಯಿಲ್ಲದವಳೆಂದು ಅತ್ತೆಯೇ ಫೆಬ್ರುವರಿಯಲ್ಲಿ ಗದಗಿನಿಂದ ಬಂದಿದ್ದರು, ಚೀಲದ ತುಂಬ ಅಂಟು, ಒಣಖರ್ಜೂರ, ಬಾಣಂತಿ ಖಾರ ಹೊತ್ತುಕೊಂಡು. ಕಸ್ಟಮ್ಸಿನವನು ಕೇಳಿದರೆ ಏನು ಹೇಳುತ್ತಿದ್ದರೋ ದೇವರೇ ಬಲ್ಲ. ನನ್ನ ಮೇಲೆ ಅವರದು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡ ಕಾವಲು. ನಾನು ಸ್ಮಶಾನದ ಊರಿಗೆ ಹೋಗಿಬರುವುದು ಅವರಿಗೆ ಎಳ್ಳಷ್ಟೂ ಸೇರುತ್ತಿರಲಿಲ್ಲ. ಬಂದ ಕೂಡಲೇ ಹಿತ್ತಿಲಿನ ನಲ್ಲಿಯಲ್ಲಿ ಕಾಲು ತೊಳೆಸಿ ಒಳಗೆ ಬಿಡುತ್ತಿದ್ದರು. ಡಬ್ಬಿಯಲ್ಲಿ ಏನಿದೆ ಎಂದು ಕೇಳಿದಾಗ ಹಳೆಯ ಕಾಗದ ಎಂದಷ್ಟೇ ಹೇಳಿದೆ. ಹೇಳಿದರೆ ಗಲಾಟೆ ಎಂದು ಮುಚ್ಚಿಟ್ಟೆ. ನನ್ನ ಮೊದಲ ತಪ್ಪು ಅದು.

ಸೋಮವಾರ ಸಂಜೆ ದೀಪದ ಕೆಳಗೆ ಕಣ್ಣು ಕಿರಿದು ಮಾಡಿ ಆ ಹಿಂದಿನ ಪುಟ ಓದಿದೆ. ಓದಿದ್ದು ಇಂಗ್ಲಿಷಿನಲ್ಲಿ, ಆದರೆ ಇವತ್ತು ನನ್ನೊಳಗೆ ಉಳಿದಿರುವುದು ಕನ್ನಡದಲ್ಲಿ. ಚಿಕ್ಕವಳು ದಿನವೂ ಗೇಟಿನ ಹತ್ತಿರ ನಿಂತು ಅಂಚೆಯವನನ್ನು ಕಾಯುತ್ತಾಳೆ. ಅವಳಿಗೆ ಅಣ್ಣನದೇ ಕಣ್ಣು, ಅಣ್ಣನದೇ ಹಣೆ. ಅವಳ ಮುಖ ನೋಡಿದರೆ ನಾನು ನಿಂತಲ್ಲೇ ಕುಸಿಯುತ್ತೇನೆ, ಅದಕ್ಕೇ ನೋಡುವುದಿಲ್ಲ. ಮಗು ಏನೆಂದುಕೊಳ್ಳುತ್ತದೋ. ನಾನು ಬೆಳಿಗ್ಗೆ ಏಳುವುದು ಅವಳೊಬ್ಬಳಿಗಾಗಿ. ಇದನ್ನು ಇಲ್ಲಿ ಯಾರ ಮುಂದೆಯೂ ಹೇಳಲಾರೆ. ನಿಮ್ಮ ಮುಂದೆ ಹೇಳಬಲ್ಲೆ, ಏಕೆಂದರೆ ನಿಮ್ಮ ಮುಖವನ್ನು ನಾನು ನೋಡಬೇಕಾಗಿಲ್ಲ.

ನಾನು ಅತ್ತುಬಿಟ್ಟೆ. ಐವಿಗೆ ಬೇಕಾದ ಉತ್ತರ ಅಕ್ಷರಕ್ಷರವಾಗಿ ನನ್ನ ಕೈಯಲ್ಲಿತ್ತು. ಕೈಯಲ್ಲಿ ಫೋನೂ ಇತ್ತು. ಒಂದು ಫೋಟೊ ಹೊಡೆದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಆ ಬೆಳಕಿಗೆ ಮಸುಕು ಅಕ್ಷರ ಮೂಡುವುದಿಲ್ಲ, ನಾಳೆ ಕಿಟಕಿಯ ಬಿಸಿಲಿನಲ್ಲಿ ಚೆನ್ನಾಗಿ ತೆಗೆದು ಕಳಿಸೋಣ ಎಂದುಕೊಂಡೆ. ಫೋನ್ ಮಾಡಿ ಬಾಯಲ್ಲಿ ಹೇಳಬಹುದೆಂಬ ಯೋಚನೆಯೂ ಬಂತು. ಬೇಡ, ಇಂಥ ಮಾತಿಗೆ ಕಾಗದವೇ ಎದುರಿಗಿರಬೇಕು ಎಂದು ಸುಮ್ಮನಾದೆ. ಪುರಾವೆಯಿಲ್ಲದೆ ಬಾಯಿಬಿಡಬೇಡಿ ಎಂದು ಒಂಬತ್ತು ವರ್ಷ ಹುಡುಗರ ತಲೆ ತಿಂದವಳು ನಾನು. ಕಾಗದವನ್ನು ಕಿಟಕಿ ಪಕ್ಕದ ಊಟದ ಮೇಜಿನ ಮೇಲಿಟ್ಟೆ.

ಮಂಗಳವಾರ ಬೆಳಿಗ್ಗೆ ಕ್ಲಿನಿಕ್ಕಿನಲ್ಲಿ ಮಗುವಿನ ಸ್ಕ್ಯಾನಿಂಗಿತ್ತು. ಎಲ್ಲ ಸರಿಯಿದೆ ಎಂದರು. ಖುಷಿಯಲ್ಲಿ ಮನೆಗೆ ಬಂದೆ. ಬಾಗಿಲು ತೆಗೆದ ಅತ್ತೆಯ ಕೂದಲು ಒದ್ದೆಯಾಗಿತ್ತು, ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಬೆಳಿಗ್ಗೆ ಸ್ನಾನವಾಗಿದ್ದವರು ನಡುಹಗಲಲ್ಲಿ ಮತ್ತೆ ತಲೆಗೆ ನೀರು ಹಾಕಿಕೊಂಡಿದ್ದಾರೆ. ಊರಿನಿಂದ ಏನಾದರೂ ಸುದ್ದಿ ಬಂತೇ ಎಂದು ಕೇಳಿದೆ.

"ಸುದ್ದಿ ಮುಚ್ಚಿಟ್ಟಾಕಿ ನೀನು, ನನ್ನ ಕೇಳ್ತಿಯೇನು?" ಎಂದರು. "ಕರೇ ಅಂಚಿನ ಕಾಗದ ಮೇಜಿನ ಮ್ಯಾಲ ಇತ್ತು. ನನಗ ಇಂಗ್ಲಿಷ್ ಬರಂಗಿಲ್ಲ ಖರೆ, ಸಾವಿನ ಕಾಗದ ಗೊತ್ತಾಗಂಗಿಲ್ಲೇನು? ಮೊದಲ ನಮ್ಮವರದ ಯಾರದೋ ಅಂತ ಜೀವ ಹಾರಿಹೋತು. ಆಮ್ಯಾಲ ಲಕೋಟಿ ಮ್ಯಾಲಿನ ಅಂಚೆಚೀಟಿ ನೋಡಿದೆ, ಹಳೇದು, ಪರದೇಶದ್ದು. ಯಾರದರೇ ಆಗಲಿ, ಬಸುರಿ ಇರೋ ಮನ್ಯಾಗ ಅದನ್ನ ಇಟ್ಕೋತಾರೇನವಾ? ಹರದು, ಹಿಂದಿನ ಹಳ್ಳಕ್ಕ ಬಿಟ್ಟು ಬಂದು ತಲಿ ಮ್ಯಾಲ ನೀರು ಹಾಕ್ಕೊಂಡೆ."

ಸಾವಿನ ಸುದ್ದಿಯ ಕಾಗದವನ್ನು ಓದಿದ ಕೂಡಲೇ ಹರಿದು ಹಾಕುವುದು, ಮನೆಯೊಳಗೆ ಇಡದಿರುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ನನ್ನ ತಾಯಿಯ ಹದಿಮೂರನೆಯ ದಿನದ ಕಾರ್ಡಿಗೂ ಕಪ್ಪಂಚಿತ್ತು. ಅದನ್ನು ಯಾರೂ ಮನೆಯಲ್ಲಿ ಇಟ್ಟುಕೊಂಡಿರಲಾರರು. ಆ ಕಪ್ಪಂಚು ನಮಗೆ ಇಂಗ್ಲಿಷರಿಂದಲೇ ಬಂದಿರಬೇಕು, ಹರಿಯುವುದು ಮಾತ್ರ ನಮ್ಮದು. ಇವೆಲ್ಲ ಆಮೇಲೆ ಹೊಳೆದ ಮಾತು. ಆಗ ನಾನು ಚಪ್ಪಲಿಯಲ್ಲೇ ಹಿತ್ತಿಲಿಗೆ ಓಡಿದೆ.

ನಮ್ಮ ಬೇಲಿಯಾಚೆ ಒಂದು ಸಣ್ಣ ಹಳ್ಳ ಹರಿಯುತ್ತದೆ. ಹಿಂದಿನ ದಿನದ ಗುಡುಗುಮಳೆಗೆ ತುಂಬಿ ಕೆಂಪಾಗಿ ಓಡುತ್ತಿತ್ತು. ಸೀರೆಯುಟ್ಟ ಅತ್ತೆ ದಂಡೆಯ ಮೇಲೆ ನಿಂತು ಒಳಗಿಳಿಯಬೇಡವೆಂದು ಕೂಗುತ್ತಲೇ ಇದ್ದರು. ನಾನು ಮೊಣಕಾಲುದ್ದ ನೀರಿನಲ್ಲಿ ಬಗ್ಗಿ ಬೇರು, ಕಲ್ಲು ಎಲ್ಲ ತಡಕಿದೆ. ಸಿಕ್ಕಿದ್ದು ಆರು ತುಣುಕು. ಆರೂ ಅಂಚಿನವು. ಅಚ್ಚಿನ ಕಪ್ಪು ಹಾಗೇ ಇತ್ತು, ಪೆನ್ನಿನ ಶಾಯಿಯ ಸುಳಿವೂ ಇರಲಿಲ್ಲ. ಮನೆಗೆ ಬಂದು ಅತ್ತೆಯ ಮೇಲೆ ಕೂಗಾಡಿದೆ. ನನ್ನ ಬಾಯಿ ಮೊದಲೇ ದೊಡ್ಡದು. ಏನೇನಂದೆನೋ, ಬರೆಯಲು ನಾಚಿಕೆಯಾಗುತ್ತದೆ. ಅವರು ಒಣಗಿದ ಟವೆಲ್ಲು ತಂದು ನನ್ನ ಕಾಲು ಒರೆಸತೊಡಗಿದರು.

ಮಾರ್ಜರಿಗೆ ಫೋನಿನಲ್ಲಿ ಹೇಳುವ ಧೈರ್ಯವಾಗಲಿಲ್ಲ, ಮರುದಿನ ಡಬ್ಬಿ ಹಿಡಿದು ಹೋಗಿಯೇ ಹೇಳಿದೆ. ಅವರು ಬಯ್ಯಲಿಲ್ಲ. ಡಬ್ಬಿಯ ಮುಚ್ಚಳ ತೆಗೆದು ಒಳಗೆ ಕೈಯಾಡಿಸಿ, ಬೆರಳಿಗೆ ಗೊತ್ತಾಗುತ್ತದೇನೋ ಎಂಬಂತೆ ಕಾಗದಗಳನ್ನು ಒಂದೊಂದೇ ಮುಟ್ಟಿ ನೋಡಿದರು. ಆಮೇಲೆ ಇವತ್ತು ಮನೆಗೆ ಹೋಗು ಎಂದರು. ಅದಕ್ಕಿಂತ ಎರಡು ಏಟು ಹೊಡೆದಿದ್ದರೆ ವಾಸಿಯಿತ್ತು. ನಾಲ್ಕು ದಿನ ಬಿಟ್ಟು ಅವರೇ ಫೋನ್ ಮಾಡಿ, ಆಸ್ಟಿನ್ನಿನಲ್ಲಿ ಹಳೆಯ ಕಾಗದ ರಿಪೇರಿ ಮಾಡುವವರಿದ್ದಾರಂತೆ, ಕರೆದುಕೊಂಡು ಹೋಗುತ್ತೀಯಾ ಎಂದು ಕೇಳಿದರು.

ಏಪ್ರಿಲ್ ಮೊದಲ ವಾರ. ಆಸ್ಟಿನ್ ದಾರಿಯ ಇಕ್ಕೆಲದಲ್ಲೂ ಬ್ಲೂಬಾನೆಟ್ ಹೂವು ನೀಲಿಗೆ ನೀಲಿ ಹಾಸಿತ್ತು. ಎಷ್ಟು ಬಂದಿದೆ, ಎಲ್ಲಿಯತನಕ ಇದೆ ಎಂದು ಮಾರ್ಜರಿ ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ. ಆಸ್ಟಿನ್ನಿನ ಆ ಹುಡುಗಿ ಆರು ತುಣುಕನ್ನೂ ದೀಪದ ಕೆಳಗಿಟ್ಟು, ಬೇರೆ ಬೇರೆ ಬಣ್ಣದ ಬೆಳಕು ಹಾಯಿಸಿ ನೋಡಿದಳು. ಅಂಚಿನಲ್ಲಿ ಯಾರೂ ಬರೆಯುವುದಿಲ್ಲ, ಬರೆದಿದ್ದರೂ ಆ ಶಾಯಿ ನೀರಿಗೆ ನಿಲ್ಲುವುದಿಲ್ಲ ಎಂದಳು. ಹೇಳುವಾಗ ಅವಳಿಗೇ ಬೇಜಾರಾಗಿತ್ತು. ತುಣುಕುಗಳನ್ನು ತೆಳ್ಳನೆಯ ಕಾಗದದಲ್ಲಿ ಸುತ್ತಿ ಮಾರ್ಜರಿಯ ಅಂಗೈಯಲ್ಲಿಟ್ಟಳು.

ವಾಪಸು ಬರುವಾಗ ಮಾರ್ಜರಿ ಮೊದಲ ಪುಟವನ್ನು ಬಾಯಿಪಾಠ ಹೇಳಿದರು. ಮುಗಿಸಿ, ಹಿಂದೆ ಏನಿತ್ತು ಎಂದು ಕೇಳಿದರು. ಅಲ್ಲಿಯವರೆಗೆ ಅವರು ಕೇಳಿರಲಿಲ್ಲ, ನನಗೂ ಹೇಳುವ ಬಾಯಿರಲಿಲ್ಲ. ನೆನಪಿದ್ದಷ್ಟು ಹೇಳಿದೆ. ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು. ಆಮೇಲೆ, ನಿಜವಾಗಿ ಹಾಗೇ ಇತ್ತೇ ಎಂದರು. ಇತ್ತು ಎಂದೆ. ಇನ್ನೂ ಹತ್ತು ಮೈಲಿ ಕಳೆದ ಮೇಲೆ ಅದನ್ನೇ ಮತ್ತೊಮ್ಮೆ ಕೇಳಿದರು. ಹಾಗಿದ್ದರೆ ಐವಿಗೆ ನೀನೇ ಹೇಳಬೇಕು, ಕಣ್ಣಾರೆ ನೋಡಿದವಳು ನೀನೊಬ್ಬಳೇ ಎಂದರು.

ಆ ರಾದ್ಧಾಂತವಾದ ಮೇಲೆ ಅತ್ತೆ ನನ್ನ ಜೊತೆ ಹೆಚ್ಚು ಮಾತಾಡುತ್ತಿರಲಿಲ್ಲ. ಹೊತ್ತುಹೊತ್ತಿಗೆ ತಟ್ಟೆ ಮುಂದಿಡುತ್ತಿದ್ದರು, ಅಷ್ಟೇ. ಒಂದು ಮಧ್ಯಾಹ್ನ ಮೆಂತೆಸೊಪ್ಪು ಬಿಡಿಸುತ್ತ ಕೂತವರು ತಲೆಯೆತ್ತದೆ, ಆ ಕಾಗದದಾಗ ಏನು ಬರೆದಿತ್ತು ಎಂದು ಕೇಳಿದರು. ಹೇಳಿದೆ. ಸೊಪ್ಪು ಬಿಡಿಸುತ್ತಿದ್ದ ಕೈ ನಿಂತಿತು. ಸೆರಗು ಬಾಯಿಗೊತ್ತಿಕೊಂಡು ಅತ್ತರು. ಮಗುವಿನ ಮುಖ ನೋಡಲಾಗದ ತಾಯಿಯ ಸಂಕಟವನ್ನು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ನಾ ಮಾಡಿದ್ದು ಪಾಪ ಆತು," ಎಂದರು. "ಆಕೀಗೆ ಹೇಳೂಮುಂದ ನಾನೂ ಇರ್ತೀನಿ. ಹರದಾಕಿ ನಾನು ಅಂತ ಹೇಳು. ನೀನು ನಿನ್ನ ಮ್ಯಾಲ ಹಾಕ್ಕೋಬ್ಯಾಡ."

ಶನಿವಾರ ಬೆಳಿಗ್ಗೆ ಶ್ರೀಧರ ಲ್ಯಾಪ್‌ಟಾಪ್ ಹಚ್ಚಿಕೊಟ್ಟು ಹೊರಗೆ ಹೋದ. ತೆರೆಯ ಮೇಲೆ ಐವಿ ಕಾಣಿಸಿದರು. ದಿಂಬಿಗೊರಗಿ, ಭುಜದ ಮೇಲೆ ಶಾಲು. ಮೊಮ್ಮಗಳು ಪಕ್ಕದಲ್ಲಿ ಫೋನು ಹಿಡಿದಿದ್ದಳು. ನಾನು ಮೊದಲು ತಪ್ಪೊಪ್ಪಿಕೊಂಡೆ. ಕಾಗದ ಇಲ್ಲ, ಹರಿದು ನೀರಿಗೆ ಹೋಯಿತು, ನಮ್ಮ ಕಡೆ ಹೀಗೊಂದು ರೂಢಿಯಿದೆ ಎಂದೆ. ಅತ್ತೆ ಎದ್ದು ನಿಂತು ಕ್ಯಾಮರಾಕ್ಕೆ ಕೈಮುಗಿದರು, ಮುಗಿದ ಕೈ ಇಳಿಸಲೇ ಇಲ್ಲ. ಐವಿಯ ಮುಖ ಒಂದು ಗಳಿಗೆ ಬರಿದಾಯಿತು. ಆಮೇಲೆ, ಅವರಿಗೆ ಕೂರಲು ಹೇಳು ಎಂದರು.

ಆದರೆ ನಾನು ಅದನ್ನು ಓದಿದ್ದೇನೆ ಎಂದೆ. ಹಿಂದಿನ ಪುಟದಲ್ಲಿದ್ದುದನ್ನು ಒಂದೂ ಬಿಡದೆ ಹೇಳಿದೆ. ಗೇಟು, ಅಂಚೆಯವನು, ಅಣ್ಣನ ಕಣ್ಣು, ಅಣ್ಣನ ಹಣೆ, ನೋಡಿದರೆ ಕುಸಿಯುತ್ತೇನೆ ಎಂದದ್ದು, ಅವಳಿಗಾಗಿ ಏಳುತ್ತೇನೆ ಎಂದದ್ದು. ಕನ್ನಡದಲ್ಲಿ ಕೂತಿದ್ದನ್ನು ಇಂಗ್ಲಿಷಿಗೆ ಎತ್ತಿ ಕೊಡುತ್ತಿದ್ದೆ. ಮಾತು ನನ್ನವು, ಆ ತಾಯಿಯವಲ್ಲ ಎಂಬುದು ನನಗೇ ಕೇಳಿಸುತ್ತಿತ್ತು. ಐವಿ ಕಣ್ಣು ಮಿಟುಕಿಸದೆ ಕೇಳಿದರು. ಮುಗಿದ ಮೇಲೆ ಒಂದು ಪ್ರಶ್ನೆ ಕೇಳಿದರು. ಅಮ್ಮ ನನ್ನನ್ನು ಯಾವ ಹೆಸರಿನಿಂದ ಬರೆದಿದ್ದಳು?

ನನಗೆ ನೆನಪಿರಲಿಲ್ಲ. ನೆನಪಿಲ್ಲ ಎಂದಿದ್ದರೆ ಆಗುತ್ತಿತ್ತು. ಎದುರಿಗೆ ಆ ಮುಖ ಅಷ್ಟು ಆಸೆಯಿಂದ ಕಾಯುತ್ತಿರುವಾಗ ನನ್ನ ಬಾಯಿ ತಡೆಯಲಿಲ್ಲ. ಐವಿ ಎಂದೇ ಇತ್ತು ಎಂದುಬಿಟ್ಟೆ.

ಅವರು ಮೆಲ್ಲಗೆ ತಲೆದೂಗಿದರು. ಮನೆಯಲ್ಲಿ ಆ ದಿನಗಳಲ್ಲಿ ಯಾರೂ ನನ್ನನ್ನು ಐವಿ ಎಂದು ಕರೆಯುತ್ತಿರಲಿಲ್ಲ ಎಂದರು. ಬೇಸರದಿಂದ ಹೇಳಲಿಲ್ಲ. ನಾನು ಗಾಬರಿಯಾಗಿ, ಹೆಸರು ಸರಿಯಾಗಿ ಜ್ಞಾಪಕವಿಲ್ಲ, ಉಳಿದದ್ದೆಲ್ಲ ನಿಜ, ನನ್ನ ಕಣ್ಣಿಂದ ಓದಿದ್ದೇನೆ, ಹೊಟ್ಟೆಯಲ್ಲಿರುವ ಮಗುವಿನ ಮೇಲೆ ಆಣೆ ಎಂದೆ. ಆಣೆ ಮಾಡಿದಷ್ಟೂ ಸುಳ್ಳಿನ ಹಾಗೆ ಕೇಳಿಸಿತು. ಐವಿ ನಕ್ಕರು. ರೋಗಿಯನ್ನು ನೋಡಲು ಬಂದವರು ನೀವಿನ್ನೇನು ಎದ್ದು ಓಡಾಡುತ್ತೀರಿ ಎಂದಾಗ ರೋಗಿ ನಗುವ ನಗು ಅದು.

"ನೀನು ತುಂಬ ಒಳ್ಳೆಯವಳು," ಎಂದರು. "ನನ್ನ ಸಮಾಧಾನಕ್ಕೆ ಇಷ್ಟೆಲ್ಲ ಯೋಚಿಸಿ ಹೇಳಿದೆಯಲ್ಲ. ಮಗು ಚೆನ್ನಾಗಿ ಹುಟ್ಟಲಿ."

ಅಜ್ಜಿಗೆ ಆಯಾಸವಾಗಿದೆ ಎಂದು ಮೊಮ್ಮಗಳು ಫೋನು ತಿರುಗಿಸಿದಳು. ಕೊನೆಗೆ ಕಂಡದ್ದು ಹೊದಿಕೆಯ ಮೇಲಿದ್ದ ಒಂದು ಕೈ. ಮೂರು ವಾರದ ಮೇಲೆ ಐವಿ ಹೋದರೆಂದು ಮಾರ್ಜರಿಗೆ ಸುದ್ದಿ ಬಂತು. ಈಗ ಮಾರ್ಜರಿಯೂ ಇಲ್ಲ.

ಅವತ್ತು ತೆರೆ ಕಪ್ಪಾದ ಮೇಲೂ ನಾನು ಲ್ಯಾಪ್‌ಟಾಪಿನ ಮುಂದೆ ಕೂತೇ ಇದ್ದೆ. ಅತ್ತೆಗೆ ಆಡಿದ ಮಾತು ಒಂದೂ ತಿಳಿದಿರಲಿಲ್ಲ, ಐವಿ ನಕ್ಕಿದ್ದು ಮಾತ್ರ ಕಂಡಿತ್ತು. ನನ್ನ ಪಕ್ಕ ಬಂದು ಹೆಗಲ ಮೇಲೆ ಕೈಯಿಟ್ಟರು.

"ನಂಬಿದಳೇನವಾ ಆಕಿ?"

ಅವರ ಮುಖ ನೋಡಲು ನನ್ನಿಂದ ಆಗಲಿಲ್ಲ.

"ಹೂಂ ಅತ್ತಿ, ನಂಬಿದರು," ಎಂದೆ.

"ಅಷ್ಟಾದರ ಆತಲ್ಲ," ಎಂದು ಅತ್ತೆ ನಿಟ್ಟುಸಿರು ಬಿಟ್ಟರು. ದೇವರಿಗೆ ದೀಪ ಹಚ್ಚಲು ಒಳಗೆ ಹೋದರು.